ಬೆಟಗೇರಿಯ ಒಬ್ಬ ಮಿಡ್‌ಫೀಲ್ಡರ್ ಮತ್ತು 25 ವರ್ಷದ ಗಡಿ: ಒಂದು ಪ್ರಕರಣ ಅಧ್ಯಯನ

2025ರ ಜುಲೈ ತಿಂಗಳ ಮಧ್ಯಭಾಗದಲ್ಲಿ ಗದಗ-ಬೆಟಗೇರಿಯ 24 ವರ್ಷದ ಫುಟ್‌ಬಾಲ್ ಆಟಗಾರನೊಬ್ಬ ಎರಡು ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಹುಬ್ಬಳ್ಳಿಯ ನನ್ನ ಮನೆಗೆ ಬಂದ. ಒಂದು, ದೇಶದ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುವ ಕ್ಲಬ್ಬು ಕಳುಹಿಸಿದ್ದ ಒಂದು ಹಂಗಾಮಿನ ಒಪ್ಪಂದದ ಕರಡು. ಇನ್ನೊಂದು, ರೈಲ್ವೆಯ ಕ್ರೀಡಾ ಕೋಟಾದಲ್ಲಿ ನೌಕರಿಗೆ ಸಲ್ಲಿಸಬೇಕಾದ ಅರ್ಜಿಯ ನಮೂನೆ. ಬರುವ ಅಕ್ಟೋಬರಿಗೆ ಆತನಿಗೆ 25 ತುಂಬುತ್ತಿತ್ತು. ಕ್ರೀಡಾ ಕೋಟಾದ ವಯೋಮಿತಿ 18ರಿಂದ 25. ಅದರಲ್ಲಿ ಸಡಿಲಿಕೆ ಇಲ್ಲ. ಈ ಸಲ ಬಿಟ್ಟರೆ ಮುಂದಿನ ಸಲ ಎಂಬುದೇ ಇರಲಿಲ್ಲ.

ಆಟಗಾರನೂ ಅವನ ತಂದೆಯೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನೂ ಅವನು ಆಡಿದ ಕ್ಲಬ್ಬುಗಳ ಹೆಸರನ್ನೂ ಬಿಟ್ಟಿದ್ದೇನೆ. ಬರೆಯುವವನ ಪಕ್ಷಪಾತವನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ನಾನು 22ನೆಯ ವಯಸ್ಸಿನಲ್ಲಿ ಆಟದ ಬಲದ ಮೇಲೆ ರೈಲ್ವೆ ಸೇರಿ, ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುವ ದಾರಿ ನನ್ನ ಕಾಲದಲ್ಲಿ ಈ ಕಡೆಯ ಹುಡುಗರಿಗೆ ಇರಲಿಲ್ಲ. ನನಗೆ ಸಿಗದಿದ್ದುದು ಇವನಿಗಾದರೂ ಸಿಗಲಿ ಎಂಬ ಆಸೆಯಿಂದ, ಒಪ್ಪಂದಕ್ಕೆ ಸಹಿ ಹಾಕೆಂದು ಮೊದಲ ದಿನ ಹೇಳಿದೆ. ಮೂರು ವಾರಗಳಲ್ಲಿ ಆ ಸಲಹೆಯನ್ನು ನಾನೇ ಹಿಂದೆಗೆದುಕೊಂಡೆ. ಏಕೆ ಹಿಂದೆಗೆದುಕೊಂಡೆ ಎಂಬುದನ್ನು ವಿವರಿಸಬೇಕಾದರೆ ಈತ ಯಾವ ಬಗೆಯ ಆಟಗಾರ ಎಂಬಲ್ಲಿಂದ ಶುರುಮಾಡಬೇಕಾಗುತ್ತದೆ.

ಲಾಳಿ

ತಂದೆ ಬೆಟಗೇರಿಯ ನೇಕಾರರು, ಮನೆಯಲ್ಲಿ ಎರಡು ಮಗ್ಗ. ಹುಡುಗ 2012ರಲ್ಲಿ, 11ನೆಯ ವಯಸ್ಸಿನಲ್ಲಿ, ಶನಿವಾರ ಮತ್ತು ಭಾನುವಾರ ಗದಗಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ನಾನು ಹುಡುಗರನ್ನು ಆಡಿಸುವ ಮೈದಾನಕ್ಕೆ, ಬರತೊಡಗಿದ. ಇಷ್ಟು ದೂರ ಕಳುಹಿಸಲು ತಂದೆಯನ್ನು ಒಪ್ಪಿಸಿದ್ದು ನಾನಲ್ಲ, ಗದಗಿನ ಸುನೀಲ್ ಜೋಶಿಯವರ ಉದಾಹರಣೆ. ಅವರು ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮುಗಿಸಿ, ತಿರುಗಿ ಗದಗಿಗೆ ಹೋಗಿ ಶಾಲೆಗೆ ಕೂಡುತ್ತಿದ್ದ ಸಂಗತಿ ಗದಗಿನಲ್ಲಿ ಎಲ್ಲರಿಗೂ ಗೊತ್ತು. 1996ರಲ್ಲಿ ಅವರು ಭಾರತದ ಪರ ಟೆಸ್ಟ್ ಆಡಿದರು. ಅವರು ಹೋಗಿ ಬಂದ ದಾರಿಯಲ್ಲಿ ತಮ್ಮ ಮಗನೂ ಹೋಗಿ ಬರಬಹುದು ಎಂಬ ಲೆಕ್ಕ ತಂದೆಯದು.

ನಮ್ಮ ಹಳೆಯ ರೈಲ್ವೆ ಆಟಗಾರರು ‘ಹಾಫ್’ ಎಂದು ಕರೆಯುತ್ತಿದ್ದ ಜಾಗದಲ್ಲಿ, ಎಂದರೆ ಡಿಫೆಂಡರುಗಳ ಮುಂದೆ ಮೈದಾನದ ನಟ್ಟನಡುವೆ, ಈತ ತಾನಾಗಿಯೇ ನಿಂತ. ನಮ್ಮದು ಎರೆಮಣ್ಣಿನ ಮೈದಾನ. ಮಾರ್ಚ್ ಕಳೆಯಿತೆಂದರೆ ನೆಲ ಬಾಯಿಬಿಡುತ್ತದೆ, ಚೆಂಡು ಬಿರುಕಿನ ಅಂಚಿಗೆ ತಾಗಿ ಎತ್ತಲೋ ಪುಟಿಯುತ್ತದೆ. ಹಾಗಾಗಿ ಈ ನೆಲದಲ್ಲಿ ಕಲಿತ ಹುಡುಗರು ಚೆಂಡು ಕಾಲಿಗೆ ಬರುವ ತನಕ ಕಣ್ಣು ಕೀಳುವುದಿಲ್ಲ. ಬಂದ ಮೇಲೆ ತಲೆಯೆತ್ತುತ್ತಾರೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಈತ ಮಾತ್ರ ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಹೆಗಲ ಮೇಲಿಂದ ನೋಡಿ, ಮೈಯನ್ನು ಅರ್ಧ ತಿರುಗಿಸಿ ನಿಂತು, ಚೆಂಡನ್ನು ಹತ್ತಿರದ ಕಾಲು ದಾಟಲು ಬಿಟ್ಟು ದೂರದ ಕಾಲಿನಿಂದ ತೆಗೆದುಕೊಳ್ಳುತ್ತಿದ್ದ. ಚೆಂಡು ಅತ್ತಿತ್ತ ಪುಟಿದರೂ ಸರಿಪಡಿಸಿಕೊಳ್ಳಲು ಅದರಿಂದ ಅರ್ಧ ಗಜದ ಅವಕಾಶ ಸಿಗುತ್ತಿತ್ತು. 2015ರ ಒಂದು ಪಂದ್ಯದಲ್ಲಿ ನೋಟುಬುಕ್ಕು ಹಿಡಿದು ಅವನು ತಲೆ ತಿರುಗಿಸಿದಷ್ಟು ಸಲವೂ ಒಂದೊಂದು ಗೀಟು ಹಾಕುತ್ತ ಕುಳಿತೆ; ಮೊದಲರ್ಧ ಮುಗಿಯುವುದರೊಳಗೆ ಪುಟ ತುಂಬಿತು. ಚೆಂಡು ಬರುವ ಮುನ್ನ ಸುತ್ತ ಹೆಚ್ಚು ಸಲ ನೋಡುವವರ ಪಾಸುಗಳು ಹೆಚ್ಚು ಸಲ ಗುರಿಮುಟ್ಟುತ್ತವೆ ಎಂದು ನಾರ್ವೆಯ ಸಂಶೋಧಕರು ಇಂಗ್ಲಿಷ್ ಪ್ರೀಮಿಯರ್ ಲೀಗಿನ ಮಿಡ್‌ಫೀಲ್ಡರುಗಳನ್ನು ಅಭ್ಯಸಿಸಿ ತೋರಿಸಿದ್ದಾರೆ. ನಾನು ಈತನಿಗೆ ಅದನ್ನು ಕಲಿಸಲಿಲ್ಲ. ಆ ಶ್ರೇಯ ನನಗೆ ಬರುವುದು ಬೇಡ.

ಆ ವರ್ಷವೇ ತಂದೆ ಒಮ್ಮೆ ಪಂದ್ಯ ನೋಡಲು ನೆಹರೂ ಮೈದಾನಕ್ಕೆ ಬಂದಿದ್ದರು. ಮುಗಿದ ಮೇಲೆ ಮೆಲ್ಲಗೆ ಕೇಳಿದರು: “ಸರ್, ಇವ ಏನ್ ಮಾಡಿದಾರಿ? ಗೋಲೂ ಹೊಡಿಲಿಲ್ಲ, ಗೋಲೂ ಹಿಡಿಲಿಲ್ಲ.” ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಹತ್ತು ನಿಮಿಷ ಮಗನೊಬ್ಬನನ್ನೇ ನೋಡಿ ಎಂದೆ. ನೋಡಿದರು. “ಲಾಳಿ ಆಗ್ಯಾನಲ್ರೀ ಇವ,” ಎಂದರು, “ಅತ್ತಿಂದಿತ್ತ, ಇತ್ತಿಂದತ್ತ. ಸೀರಿ ನೋಡಿದಾವ್ರು ಲಾಳಿ ಎಲ್ಲಿ ನೋಡ್ತಾರ್ರಿ.” ನಲವತ್ತು ವರ್ಷ ಆಡಿ ಆಡಿಸಿದ ನಾನು ಈ ಜಾಗದ ಬಗ್ಗೆ ಇಷ್ಟು ಸರಿಯಾಗಿ ಎಂದೂ ಹೇಳಿರಲಿಲ್ಲ. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಸುಮಾರು 11 ಕಿಲೋಮೀಟರ್ ಓಡುತ್ತಾನೆ, ಉಳಿದ ಜಾಗದವರಿಗಿಂತ ಹೆಚ್ಚು. ನಮ್ಮ ಊರಿನ ಅಳತೆಯಲ್ಲಿ ಹೇಳುವುದಾದರೆ ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮನ್ನು, ಜಗತ್ತಿನಲ್ಲೇ ಉದ್ದದ್ದೆಂದು ನಾವು ಹೆಮ್ಮೆಪಡುವ ಅದನ್ನು, ಏಳಕ್ಕಿಂತ ಹೆಚ್ಚು ಸಲ ಓಡಿದಂತೆ. ಅದರಲ್ಲಿ ಚೆಂಡು ಕಾಲಲ್ಲಿರುವುದು ಒಂದೆರಡು ನಿಮಿಷವಷ್ಟೇ.

ಈ ಕಾಣದಿರುವ ಗುಣವೇ ಅವನ ವೃತ್ತಿಯುದ್ದಕ್ಕೂ ಅವನಿಗೆ ಅಡ್ಡಬಂತು. ಆಯ್ಕೆಯ ಟ್ರಯಲ್ಸ್ ನಡೆಯುವ ಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಪರಸ್ಪರ ಹೆಸರೂ ಗೊತ್ತಿಲ್ಲದ 22 ಹುಡುಗರನ್ನು ಎರಡು ಭಾಗ ಮಾಡಿ 20 ನಿಮಿಷ ಆಡಿಸುತ್ತಾರೆ. ಪ್ರತಿಯೊಬ್ಬನೂ ಚೆಂಡು ಸಿಕ್ಕಿದ್ದೇ ತಡ ಒಬ್ಬನೇ ಎಳೆದುಕೊಂಡು ಹೋಗುತ್ತಾನೆ, ಏಕೆಂದರೆ ಕಣ್ಣಿಗೆ ಬೀಳುವುದು ಅದೇ. ವಿಂಗಿನಲ್ಲಿ ಓಡುವವನು ಕಾಣುತ್ತಾನೆ, ಎತ್ತರದ ಡಿಫೆಂಡರ್ ಕಾಣುತ್ತಾನೆ. ಪಾಸು ಕೊಟ್ಟು ಪಾಸು ತೆಗೆದುಕೊಳ್ಳುವ ಹಾಫ್ ಆಟಗಾರನಿಗೆ ಪಾಸು ಕೊಡುವವರೇ ಅಲ್ಲಿರುವುದಿಲ್ಲ. 2016ರ ರಾಜ್ಯ ಮಟ್ಟದ ಆಯ್ಕೆಯಲ್ಲಿ ಈತ 20 ನಿಮಿಷದಲ್ಲಿ ಒಂಬತ್ತು ಸಲ ಚೆಂಡು ಮುಟ್ಟಿದ. ಆಯ್ಕೆಯಾಗಲಿಲ್ಲ. ಮರುವರ್ಷವೂ ಅದೇ ಆಯಿತು. ಆಯ್ಕೆದಾರರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ವಿಂಗಿನ ಹುಡುಗನನ್ನೇ ಬರೆದುಕೊಳ್ಳುತ್ತಿದ್ದೆನೇನೋ.

ಬೆಂಗಳೂರು, ಮೊಣಕಾಲು, ಸಂಬಳ

2018ರಲ್ಲಿ ಪದವಿಗೆ ಸೇರಿಕೊಂಡು ಬೆಂಗಳೂರಿಗೆ ಹೋದ. ಅಲ್ಲಿನ ಜಿಲ್ಲಾ ಲೀಗಿನ ಪಂದ್ಯಗಳಲ್ಲಿ ಅವನು ಪೂರ್ತಿ 90 ನಿಮಿಷ, ಅದೇ ಸಹ ಆಟಗಾರರೊಂದಿಗೆ, ವಾರವಾರವೂ ಕಾಣಿಸಿಕೊಂಡ. ಎರಡು ಹಂಗಾಮು ಕಳೆಯುವುದರೊಳಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಕ್ಕಿತು, ಆ ತಂಡ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. 2021ರಲ್ಲಿ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ.

ದೇಶದ ಮೊದಲ ದರ್ಜೆಯ ಲೀಗಾದ ಇಂಡಿಯನ್ ಸೂಪರ್ ಲೀಗಿನ ಬಾಗಿಲು ಅವನಿಗೆ ತೆರೆಯಲಿಲ್ಲ, ಅದಕ್ಕೆ ಅವನ ಜಾಗವೂ ಒಂದು ಕಾರಣ. 2014ರಲ್ಲಿ ಲೀಗು ಆರಂಭವಾದಾಗ ಮೈದಾನದಲ್ಲಿ ಒಂದು ತಂಡ ಆರು ವಿದೇಶಿಯರನ್ನು ಇಳಿಸಬಹುದಿತ್ತು. 2017-18ರಿಂದ ಐವರು, 2021-22ರಿಂದ ನಾಲ್ವರು. ಸಂಖ್ಯೆ ಇಳಿದರೂ ಕ್ಲಬ್ಬುಗಳು ಆ ದುಬಾರಿ ಜಾಗಗಳನ್ನು ವಿಂಗ್‌ಬ್ಯಾಕಿಗೋ ಗೋಲಿಗೋ ಖರ್ಚು ಮಾಡುವುದು ಕಡಿಮೆ. ಅವು ಹೆಚ್ಚಾಗಿ ಹೋಗುವುದು ಸ್ಟ್ರೈಕರ್, ಸೆಂಟರ್ ಬ್ಯಾಕ್ ಮತ್ತು ನಡುಗಣಕ್ಕೆ. 2019ರ ಮಾರ್ಚಿನಲ್ಲಿ ಗೋವಾ ತಂಡವನ್ನು 1-0ರಿಂದ ಸೋಲಿಸಿ ಪ್ರಶಸ್ತಿ ಗೆದ್ದ ಬೆಂಗಳೂರು ಎಫ್‌ಸಿಯ ನಡುಗಣದ ಬೆನ್ನೆಲುಬು ಸ್ಪೇನಿನ ಡಿಮಾಸ್ ಡೆಲ್ಗಾಡೊ ಮತ್ತು ಆಸ್ಟ್ರೇಲಿಯದ ಎರಿಕ್ ಪಾರ್ತಾಲು. ಅವರಿಂದ ನಮ್ಮ ಹುಡುಗರು ಕಲಿತದ್ದು ಬಹಳ, ಅದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕದ ಮಾತು ಬೇರೆ: ವಿಂಗಿನ ಭಾರತೀಯನಿಗೆ ಒಂದು ತಂಡದಲ್ಲಿ ಇರುವಷ್ಟು ಅವಕಾಶ ನಟ್ಟನಡುವಿನ ಭಾರತೀಯನಿಗೆ ಇಲ್ಲ. ನಮ್ಮ ರಾಜ್ಯದ ಕಾರ್ಲ್ಟನ್ ಚಾಪ್ಮನ್ 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಅಕಾಡೆಮಿ ಸೇರಿ, ಈಸ್ಟ್ ಬೆಂಗಾಲ್, ಜೆಸಿಟಿ ತಂಡಗಳ ನಡುಗಣವನ್ನು ಆಳಿ, ಭಾರತದ ನಾಯಕನಾದದ್ದು ಈ ಲೆಕ್ಕ ಹುಟ್ಟುವ ಮೊದಲು.

2023ರ ಜನವರಿಯಲ್ಲಿ, ಅಭ್ಯಾಸದ ವೇಳೆ, ಯಾರೂ ಮುಟ್ಟದೆಯೇ, ತಿರುಗುವಾಗ ಬಲಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯಿತು. ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನು ತೆಗೆದು ಕಸಿ ಮಾಡಿದರು. ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಎತ್ತಿದ ದಿನ ಈತ ಬೆಟಗೇರಿಯ ಮನೆಯಲ್ಲಿ ಎರಡು ತಲೆದಿಂಬಿನ ಮೇಲೆ ಕಾಲಿಟ್ಟುಕೊಂಡು ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದ. ಆರನೆಯ ತಿಂಗಳಿಗೇ ಕ್ಲಬ್ಬಿನಿಂದ ಬುಲಾವ್ ಬಂತು. ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್ ಒಬ್ಬರು ಟೇಪು ಹಿಡಿದು ಎರಡೂ ತೊಡೆ ಅಳೆದರು: ಬಲತೊಡೆ ಎಡತೊಡೆಗಿಂತ ಎರಡು ಸೆಂಟಿಮೀಟರ್ ಸಣ್ಣ. ಒಂಬತ್ತು ತಿಂಗಳಿಗೆ ಮುಂಚೆ ಮೈದಾನಕ್ಕೆ ಮರಳುವವರಲ್ಲಿ ಮರುಗಾಯದ ಸಂಭವ ಹೆಚ್ಚು ಎಂಬುದು ಈಗ ಒಪ್ಪಿತವಾದ ವಿಚಾರ. ಗಾಯಗೊಂಡ ಕಾಲಿನ ಶಕ್ತಿ ಇನ್ನೊಂದರ ಶೇ 90ಕ್ಕಾದರೂ ಬರಬೇಕು ಎಂಬುದು ಸಾಮಾನ್ಯ ಅಳತೆ. ಈತ ಹೋಗಲಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಮರಳಿದಾಗ ಅವನ ಜಾಗದಲ್ಲಿ ಬೇರೆಯವನಿದ್ದ.

ಮುಂದಿನ ಕ್ಲಬ್ಬಿನಲ್ಲಿ ಆಟ ಸಿಕ್ಕಿತು, ಸಂಬಳ ನಿಂತಿತು. ಮೂರು ತಿಂಗಳ ಬಾಕಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ನಿಯಮಾವಳಿಗೆ 2018ರಲ್ಲಿ ಸೇರಿಸಿದ 14ಬಿಸ್ ವಿಧಿಯ ಪ್ರಕಾರ, ಎರಡು ತಿಂಗಳ ಸಂಬಳ ನಿಗದಿತ ದಿನಕ್ಕೆ ಬಾರದಿದ್ದರೆ ಆಟಗಾರ ಲಿಖಿತ ನೋಟಿಸು ಕೊಟ್ಟು, ಬಾಕಿ ತೀರಿಸಲು ಕನಿಷ್ಠ 15 ದಿನ ಕಾಲಾವಕಾಶ ನೀಡಿ, ಆಮೇಲೂ ಹಣ ಬಾರದಿದ್ದರೆ ಒಪ್ಪಂದವನ್ನು ಸಕಾರಣವಾಗಿ ಮುರಿಯಬಹುದು. ಈತ ಏನು ಮಾಡಿದ್ದನೆಂದರೆ ಮ್ಯಾನೇಜರನಿಗೆ ‘ಸರ್, ಸ್ಯಾಲರಿ ಯಾವಾಗ’ ಎಂದು ಹನ್ನೆರಡು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದ್ದ. ಹನ್ನೆರಡಕ್ಕೂ ನೀಲಿ ಗುರುತು ಬಿದ್ದಿತ್ತು. ನೋಟಿಸು ಎಂಬ ಪದ ಅವನಿಗೂ ತೋಚಲಿಲ್ಲ, ಕೇಳಿದಾಗ ನನಗೂ ತೋಚಲಿಲ್ಲ. ಎರಡು ತಿಂಗಳದ್ದು ಕೊನೆಗೆ ಬಂತು, ಒಂದು ತಿಂಗಳದ್ದು ಬರಲೇ ಇಲ್ಲ.

ಎರಡು ಕಾಗದಗಳ ಲೆಕ್ಕ

ಒಪ್ಪಂದದ ಕರಡಿನಲ್ಲಿ ತಿಂಗಳಿಗೆ 45,000 ರೂಪಾಯಿ, ಹತ್ತು ತಿಂಗಳು, ಒಟ್ಟು 4,50,000 ಎಂದಿತ್ತು. ರೈಲ್ವೆಯಲ್ಲಿ ಲೆವೆಲ್ 2 ಹುದ್ದೆಯ ಮೂಲವೇತನ 19,900. ಆಗಿನ ಶೇ 55ರ ತುಟ್ಟಿಭತ್ಯೆ 10,945. ಹುಬ್ಬಳ್ಳಿ-ಧಾರವಾಡದಂತಹ ‘ವೈ’ ದರ್ಜೆಯ ಊರಿನಲ್ಲಿ ಶೇ 20ರ ಮನೆಬಾಡಿಗೆ ಭತ್ಯೆ 3,980. ಕೂಡಿಸಿದರೆ 34,825, ವರ್ಷಕ್ಕೆ 4,17,900. ಪಿಂಚಣಿ ನಿಧಿಯ ಕಡಿತ ಇದರಿಂದಲೇ, ಸಾರಿಗೆ ಭತ್ಯೆ ಬೇರೆ. ಮೊದಲ ವರ್ಷದ ಮಟ್ಟಿಗೆ ಎರಡೂ ಹೆಚ್ಚು ಕಡಿಮೆ ಸಮ. ಹಾಗಾಗಿಯೇ ನಾನು ಮೊದಲ ದಿನ ಅಷ್ಟು ಧೈರ್ಯವಾಗಿ ಸಹಿ ಹಾಕೆಂದದ್ದು. ತಂದೆಯ ವಾದ ಚಿಕ್ಕದು: “ಆಟ ಮೊಣಕಾಲ್ ಇರೂತನಕ ಇರತೈತ್ರಿ ಸರ್. ನೌಕರಿ ಅರವತ್ತರ ತನಕ.”

ಕರಡಿನ ಏಳನೆಯ ಪುಟದ ಒಂದು ಷರತ್ತನ್ನು ನಾವಿಬ್ಬರೂ ಎರಡನೆಯ ಓದಿನಲ್ಲಿ ಕಂಡೆವು. ಲೀಗು ತಡವಾದರೆ, ತಂಡ ಶಿಬಿರಕ್ಕೆ ಸೇರುವ ದಿನದಿಂದ ಮಾತ್ರ ಸಂಬಳದ ಲೆಕ್ಕ ಶುರುವಾಗುತ್ತದೆ, ಒಪ್ಪಂದ ಮುಗಿಯುವ ದಿನ ಮಾತ್ರ ಬದಲಾಗುವುದಿಲ್ಲ. ಬೇರೆ ವರ್ಷವಾಗಿದ್ದರೆ ಇದನ್ನು ದಾಟಿ ಹೋಗುತ್ತಿದ್ದೆವು. ಆದರೆ 2025ರ ಜುಲೈ 11ರಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಜೊತೆ ಲೀಗಿನ ಸಂಘಟಕರಿಗಿದ್ದ ಹಕ್ಕುಗಳ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯುವುದಿದ್ದು ಮುಂದಿನದು ನಿಶ್ಚಯವಾಗಿಲ್ಲವೆಂಬ ಕಾರಣಕ್ಕೆ, ಸೂಪರ್ ಲೀಗಿನ ಹೊಸ ಹಂಗಾಮನ್ನೇ ತಡೆಹಿಡಿಯಲಾಗಿತ್ತು. ಎರಡನೆಯ ದರ್ಜೆಯ ಸ್ಥಿತಿಯೂ ನೆಮ್ಮದಿಯದಾಗಿರಲಿಲ್ಲ. ಏಪ್ರಿಲ್‌ನಲ್ಲಿ ಪಂದ್ಯಗಳು ಮುಗಿದಿದ್ದ ಐ-ಲೀಗನ್ನು ಗೆದ್ದವರು ಯಾರೆಂಬುದು ಜುಲೈ 18ರಂದು ಸ್ವಿಟ್ಜರ್ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಇಂಟರ್ ಕಾಶಿ ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟ ಮೇಲೆ ಗೊತ್ತಾಯಿತು. ಆಗಸ್ಟಿನ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿಯಂತಹ ಕ್ಲಬ್ಬೇ ಮೊದಲ ತಂಡದ ಆಟಗಾರರ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಮೇಲಿನ ದರ್ಜೆಯಲ್ಲಿ ಕೆಲಸವಿಲ್ಲದವರು ಕೆಳಗಿನ ದರ್ಜೆಯ ಜಾಗಗಳಿಗೆ ಬರುತ್ತಾರೆಂಬುದಕ್ಕೆ ಹೆಚ್ಚಿನ ಬುದ್ಧಿ ಬೇಕಿಲ್ಲ. ಶಿಬಿರ ನವೆಂಬರಿನಲ್ಲಿ ಸೇರಿ ಒಪ್ಪಂದ ಮೇ 31ಕ್ಕೆ ಮುಗಿದರೆ ಕೈಗೆ ಬರುವುದು ಏಳು ತಿಂಗಳದ್ದು, 3,15,000. ಅದೂ ಬಂದರೆ. ಆ ವಾರ ನಾನು ಸಲಹೆ ಬದಲಿಸಿದೆ.

ಅವನಿಗೆ ಉಳಿದಿದ್ದ ಅಂಜಿಕೆ ಹಣದ್ದಲ್ಲ, ಒಮ್ಮೆ ನೌಕರಿಗೆ ಹೋದರೆ ವೃತ್ತಿಪರ ಆಟಕ್ಕೆ ಮರಳಲಾಗದು ಎಂಬುದು. ಇದನ್ನು ವಿಚಾರಿಸಿ ನೋಡಿದೆವು. ಫಿಫಾ ನಿಯಮಾವಳಿಯ ಮೂರನೆಯ ವಿಧಿಯಂತೆ, ವೃತ್ತಿಪರನಾಗಿ ಆಡಿದ ಕೊನೆಯ ಪಂದ್ಯದಿಂದ 30 ದಿನ ಕಳೆದ ಮೇಲೆ ಹವ್ಯಾಸಿಯಾಗಿ ಮರುನೋಂದಣಿ ಮಾಡಿಸಿಕೊಳ್ಳಬಹುದು, ಮುಂದೆ ತಿರುಗಿ ವೃತ್ತಿಪರನಾಗುವುದಕ್ಕೂ ನಿಷೇಧವಿಲ್ಲ. ಬಾಗಿಲು ಕಾಗದದ ಮೇಲೆ ತೆರೆದೇ ಇತ್ತು. ಕಚೇರಿಯ ರಜೆ ಮತ್ತು ಮೊಣಕಾಲು ಅದನ್ನು ಎಷ್ಟು ದಿನ ತೆರೆದಿಡುತ್ತವೆ ಎಂಬುದು ನಾನು ಅವನಿಗೆ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಮೂರು ಸಲ ಸಂತೋಷ್ ಟ್ರೋಫಿ ಗೆದ್ದ ರೈಲ್ವೆ ತಂಡಕ್ಕೂ ಹಾಫ್ ಆಟಗಾರ ಬೇಕು ಎಂದಷ್ಟೇ ಹೇಳಿದೆ.

ಅರ್ಜಿ ತುಂಬಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಕ್ರೀಡಾ ಕೋಟಾದಲ್ಲಿ ಟ್ರಯಲ್ಸಿಗೆ 40 ಅಂಕ, ಮಾನ್ಯತೆ ಪಡೆದ ಸಾಧನೆಗೆ 50, ವಿದ್ಯಾರ್ಹತೆಗೆ 10. ಸಾಧನೆಯ ಕೋಷ್ಟಕದಲ್ಲಿ ಟೂರ್ನಿಯ ಹೆಸರು, ವರ್ಷ, ಗಳಿಸಿದ ಸ್ಥಾನ. ನಾಲ್ಕು ವರ್ಷಗಳ ವೃತ್ತಿಪರ ಆಟ, 61 ಪಂದ್ಯ, ಎರಡು ಗೋಲು, ಇವಕ್ಕೆ ಅಲ್ಲಿ ಜಾಗ ಹುಡುಕುತ್ತ ಅವನು ಪೆನ್ನಿನ ತುದಿಯನ್ನು ಒಂದೊಂದೇ ಮನೆಯ ಮೇಲೆ ಇಟ್ಟು ತೆಗೆದ. ಕಡೆಗೆ ಬರೆದದ್ದು ಒಂದೇ ಸಾಲು: ವಿದ್ಯಾರ್ಥಿಯಾಗಿದ್ದಾಗ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಬಂದ ಮೂರನೆಯ ಸ್ಥಾನ. ಅದೇ ಅವನನ್ನು ಉಳಿಸಿತು. ಟ್ರಯಲ್ಸಿನಲ್ಲಿ ಈ ಸಲ ಅವನು ಚೆಂಡಿಗಾಗಿ ಕಾಯಲಿಲ್ಲ, ತನ್ನ ಕಡೆಯ ಹತ್ತು ಜನರ ಹೆಸರನ್ನು ಮೊದಲೇ ಕೇಳಿಕೊಂಡು, ಆಟದುದ್ದಕ್ಕೂ ಹೆಸರು ಹಿಡಿದು ಕೂಗಿ ಪಾಸು ಕೇಳಿದನಂತೆ. ಹದಿನೈದರಲ್ಲಿ ಅವನಿಗೆ ಹೊಳೆಯದಿದ್ದುದು, ನನಗೆ ಹೇಳಿಕೊಡಲು ತೋಚದಿದ್ದುದು ಇದು. ಲೆವೆಲ್ 2 ಹುದ್ದೆಗೆ ಆಯ್ಕೆಯಾದ.

ಒಂದು ಸಂಗತಿ ನನ್ನ ಲೆಕ್ಕಕ್ಕೆ ಬರೆಯಬೇಕು. 2021ರಲ್ಲಿ ಅವನು ಮೊದಲ ಒಪ್ಪಂದ ಮಾಡಿಕೊಂಡಾಗ ಅವನ ನೋಂದಣಿ ಇತಿಹಾಸ ಆರಂಭವಾದದ್ದು ಬೆಂಗಳೂರಿನ ಕ್ಲಬ್ಬಿನಿಂದ. 12ರಿಂದ 21ರ ವಯಸ್ಸಿನ ನಡುವೆ ಆಟಗಾರನನ್ನು ತಯಾರುಮಾಡಿದವರಿಗೆ ತರಬೇತಿ ಪರಿಹಾರ ಸಲ್ಲಬೇಕು ಎಂಬುದು ಫಿಫಾ ಹಾಕಿಕೊಟ್ಟ ತತ್ವ. ಆದರೆ ಅದು ಸಲ್ಲುವುದು ನೋಂದಾಯಿತ ಕ್ಲಬ್ಬಿಗೆ, ನೋಂದಾಯಿತ ವರ್ಷಗಳಿಗೆ. ನಾನು ಆರು ವರ್ಷ ಅವನನ್ನು ಆಡಿಸಿದ್ದರೂ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಒಂದು ದಿನವೂ ಹೆಸರು ಹಾಕಿಸಿರಲಿಲ್ಲ. ಹಣದ ಮಾತು ಹಾಗಿರಲಿ, ಎರೆಮಣ್ಣಿನ ಆ ಆರು ವರ್ಷಗಳು ಯಾವ ದಾಖಲೆಯಲ್ಲೂ ಇಲ್ಲ.

ಈಗ ಕೆಲಸ ಮುಗಿಸಿಕೊಂಡು ಮಂಗಳವಾರ ಮತ್ತು ಶುಕ್ರವಾರ ಅವನು ನಮ್ಮ ಮನೆಗೆ ಬರುತ್ತಾನೆ. ನನ್ನ ಲ್ಯಾಪ್‌ಟಾಪ್ ತೆಗೆದು, ಮೈದಾನಕ್ಕೆ ಬರುವ 12 ದಾಟಿದ ಹುಡುಗರ ಕಾಗದಪತ್ರಗಳನ್ನು ಒಂದೊಂದಾಗಿ ಏರಿಸುತ್ತಾನೆ. ಹದಿನೇಳರಲ್ಲಿ ಹದಿನಾರು ಮುಗಿದಿವೆ. ಉಳಿದ ಒಬ್ಬ ಅಣ್ಣಿಗೇರಿಯಿಂದ ಬರುವ ಹುಡುಗ. ಅವನ ಜನನ ಪ್ರಮಾಣಪತ್ರಕ್ಕೂ ಆಧಾರ್ ಕಾರ್ಡಿಗೂ ಒಂದು ವರ್ಷದ ವ್ಯತ್ಯಾಸ. ತಿದ್ದಿಸಿಕೊಂಡು ಬರಲು ಹೇಳಿ ಕಳುಹಿಸಿದ್ದೇವೆ. ಅವನೂ ಹಾಫ್.